ಘಟನೋತ್ತರ ಅನುಮೋದನೆ

8 ಜನವರಿ

ವಿವಾಹ ನೋಂದಣಿ ಕಚೇರಿಯ ನಿವೃತ್ತ ಹೆಡ್‌ಗುಮಾಸ್ತರಿಗೆ ನಮಸ್ಕಾರಗಳು.

ನಾನು ಸಮಾನಾರ್ಥಕ ಪದಗಳ ನಿಘಂಟು ತಯಾರಿಸುವ ಕಚೇರಿಯಲ್ಲಿ ಸಹಾಯಕ ಸಂಪಾದಕಿ. ಆರು ವರ್ಷದಿಂದ ಆರು ಜನ ಕೂತಿದ್ದೇವೆ, ‘ಅ’ ಅಕ್ಷರವನ್ನೇ ಇನ್ನೂ ದಾಟಿಲ್ಲ. ಸದ್ಯ ‘ಅನುಮೋದಿಸು’ ಎಂಬಲ್ಲಿ ನಮ್ಮ ಬಂಡಿ ಹೂತುಕೊಂಡಿದೆ. ಅನುಮೋದಿಸು, ಅಂಗೀಕರಿಸು, ಮಂಜೂರು ಮಾಡು, ದೃಢೀಕರಿಸು, ಸ್ಥಿರೀಕರಿಸು, ಊರ್ಜಿತಗೊಳಿಸು ಎಲ್ಲವನ್ನೂ ಒಂದೇ ಸಾಲಿಗೆ ಸೇರಿಸಿ ಮುಗಿಸಬೇಕೆಂದು ನಮ್ಮ ಸಂಪಾದಕರ ಆಸೆ. “ಎಲ್ಲಾ ಒಂದೇ ಕಣ್ರೀ, ಮೇಲಿನೋರು ಹೂಂ ಅನ್ನೋದು, ಅಷ್ಟೇ ತಾನೇ?” ಎನ್ನುತ್ತಾರೆ.

ನನಗೆ ಹಾಗನ್ನಿಸುವುದಿಲ್ಲ. ಈ ಪದಗಳನ್ನು ದಿನಬೆಳಗಾದರೆ ಕೈಯಲ್ಲಿ ಹಿಡಿದು ಕೆಲಸ ಮಾಡಿದವರನ್ನೇ ಕೇಳೋಣ ಎಂದು ನಿಮ್ಮ ಹಳೆಯ ಕಚೇರಿಗೆ ಫೋನ್ ಮಾಡಿ ವಿಳಾಸ ಪಡೆದೆ. ಬಹಳ ಹಿಂದೆ ಒಮ್ಮೆ ಅಲ್ಲಿಗೆ ಬಂದಿದ್ದೆ. ಅಲ್ಲಿನವರು ಮಾತನ್ನು ತೂಗಿ ಆಡುತ್ತಾರೆ ಎಂಬ ನೆನಪು. ಬಿಡುವಾದಾಗ ನಾಲ್ಕು ಸಾಲು ಬರೆದರೆ ಉಪಕಾರವಾಗುತ್ತದೆ.

ನಿಘಂಟು ಕಚೇರಿಯ ಸಹಾಯಕ ಸಂಪಾದಕಿ

—

20 ಜನವರಿ

ಮಾನ್ಯರೇ,

ವಿಷಯ: ಪದಗಳ ಅರ್ಥವ್ಯತ್ಯಾಸದ ಬಗ್ಗೆ.
ಉಲ್ಲೇಖ: ತಮ್ಮ ಪತ್ರ, ದಿನಾಂಕ 8 ಜನವರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಎಲ್ಲವೂ ಒಂದೇ ಎಂಬ ತಮ್ಮ ಸಂಪಾದಕರ ಅಭಿಪ್ರಾಯ ತಪ್ಪು ಎಂದು ತಿಳಿಸಲು ವಿಷಾದಿಸುತ್ತೇನೆ. ಮಂಜೂರು ಎಂದರೆ ಕೇಳಿದವನಿಗೆ ಕೊಡುವುದು. ರಜೆ ಮಂಜೂರಾಗುತ್ತದೆ, ಆದರೆ ಅರ್ಜಿ ಹಾಕದವನಿಗೆ ಯಾರೂ ಮಂಜೂರು ಮಾಡುವುದಿಲ್ಲ. ಅನುಮೋದನೆ ಎಂದರೆ ಕೆಳಗಿನವನು ಯೋಚಿಸಿ ಬರೆದದ್ದಕ್ಕೆ ಮೇಲಿನವನು ಯೋಚಿಸದೆ ಸಹಿ ಹಾಕುವುದು. ಅಂಗೀಕಾರವೆಂದರೆ ಎದುರಿಗೆ ತಂದಿಟ್ಟದ್ದನ್ನು ತೆಗೆದುಕೊಳ್ಳುವುದು, ರಾಜೀನಾಮೆಯನ್ನು ಅಂಗೀಕರಿಸಿದ ಹಾಗೆ. ದೃಢೀಕರಣದಲ್ಲಿ ಹೊಸದೇನೂ ಹುಟ್ಟುವುದಿಲ್ಲ, ನಿಜವಾದದ್ದನ್ನು ನಿಜ ಎನ್ನುತ್ತೇವೆ ಅಷ್ಟೆ. ಸ್ಥಿರೀಕರಣ ಎಂದರೆ ತಾತ್ಕಾಲಿಕವಾಗಿ ನಿಂತದ್ದನ್ನು ಗಟ್ಟಿ ಮಾಡುವುದು. ಊರ್ಜಿತ ಎಂದರೆ ಕಾನೂನಿನ ಕಣ್ಣಲ್ಲಿ ಜೀವ ಇರುವುದು. ಕಾಗದವಿದ್ದ ಮಾತ್ರಕ್ಕೆ ಯಾವುದೂ ಊರ್ಜಿತವಾಗುವುದಿಲ್ಲ.

ಘಟನೋತ್ತರ ಅನುಮೋದನೆ ಎಂಬುದೂ ಒಂದಿದೆ. ಅದನ್ನು ತಮ್ಮ ಪುಸ್ತಕದಲ್ಲಿ ಸೇರಿಸುವ ಅಗತ್ಯ ಕಂಡುಬರುವುದಿಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ಹೆಡ್‌ಗುಮಾಸ್ತ

(ಇದು ಬರೆಯುತ್ತಿರುವ ನಾನು, ಅವರ ಹೆಂಡತಿ. ಅವರಿಗೆ ಕೈ ನಡುಗುತ್ತದೆ, ಆದ್ದರಿಂದ ಅವರು ಹೇಳಿದ್ದನ್ನು ನಾನು ಬರೆಯುತ್ತೇನೆ. ಆ ‘ಯೋಚಿಸದೆ’ ಬೇಡ ಎಂದೆ, ಕೇಳಲಿಲ್ಲ. ನಿವೃತ್ತರಾಗಿ ಹನ್ನೊಂದು ವರ್ಷವಾಯಿತು, ಇಷ್ಟು ದಿನ ಇವರನ್ನು ಯಾರೂ ಏನೂ ಕೇಳಿರಲಿಲ್ಲ. ನಿಮ್ಮ ಕಾಗದ ಬಂದ ದಿನ ಗಡ್ಡ ತೆಗೆದು, ಇಸ್ತ್ರಿ ಅಂಗಿ ಹಾಕಿಕೊಂಡು ಕೂತು ಓದಿದರು. ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ.)

—

2 ಫೆಬ್ರವರಿ

ಪ್ರಿಯ ಹೆಡ್‌ಗುಮಾಸ್ತರಿಗೆ,

ನಿಮ್ಮ ಕಾಗದವನ್ನು ಸಂಪಾದಕರ ಮೇಜಿನ ಮೇಲಿಟ್ಟೆ. ‘ಯೋಚಿಸದೆ ಸಹಿ ಹಾಕುವುದು’ ಎಂಬಲ್ಲಿಗೆ ಬಂದಾಗ ಆತ ನಕ್ಕರು. ಆರು ವರ್ಷದಲ್ಲಿ ಮೊದಲ ಸಲ ಅವರ ಹಲ್ಲು ಕಂಡೆವು. ಪದಗಳನ್ನು ಬೇರೆ ಬೇರೆ ಸಾಲಿನಲ್ಲಿ ಕೊಡಲು ಒಪ್ಪಿದ್ದಾರೆ. ಗೆದ್ದದ್ದು ನೀವು. ಅಮ್ಮನವರಿಗೂ ಹೇಳಿ, ಅವರ ಅಕ್ಷರ ಮುತ್ತು ಪೋಣಿಸಿದ ಹಾಗಿದೆ.

ಆದರೆ ಘಟನೋತ್ತರ ಅನುಮೋದನೆ ‘ಅಗತ್ಯವಿಲ್ಲ’ ಎಂದದ್ದೇ ತಪ್ಪಾಯಿತು ನೋಡಿ. ಬೇಡ ಎಂದ ಕಡೆಗೇ ನನ್ನ ಕಾಲು ಹೋಗುತ್ತದೆ, ಹುಟ್ಟುಗುಣ. ಆಗಿಹೋದ ಕೆಲಸಕ್ಕೆ ಆಮೇಲೆ ಒಪ್ಪಿಗೆ ಕೊಡುವುದು ಎಂಬಷ್ಟು ನನಗೂ ಗೊತ್ತು. ನಿಮ್ಮ ಕಚೇರಿಯದೇ ಒಂದು ಉದಾಹರಣೆ ಬೇಕು. ಒಂದೇ ಒಂದು.

—

19 ಫೆಬ್ರವರಿ

ಮೇಡಂ ಅವರಿಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು ಎಂದು ಬೇಸರಿಸಬೇಡಿ. ಹೆಂಡತಿಯ ಕೈಯಲ್ಲಿ ಬರೆಸುವ ಹಾಗಿಲ್ಲ, ಅವಳಿಗೆ ಈ ವಿಷಯ ಗೊತ್ತಿಲ್ಲ.

ನೀವು ಉದಾಹರಣೆ ಕೇಳಿದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಬರುವ ಏಪ್ರಿಲ್‌ಗೆ ಇಪ್ಪತ್ತು ವರ್ಷ. ನಮ್ಮ ನೋಂದಣಾಧಿಕಾರಿಗಳಿಗೆ ಏಕಾಏಕಿ ವರ್ಗವಾಯಿತು. ಮೇಲಧಿಕಾರಿ ಫೋನಿನಲ್ಲಿ, “ನೀವೇ ಸಹಿ ಹಾಕ್ತಾ ಇರಿ, ಪ್ರಭಾರದ ಆದೇಶ ನಾಳೆ ಕಳಿಸ್ತೀನಿ” ಎಂದರು. ನಾಳೆ ಬರಲಿಲ್ಲ. ಮೊದಲ ದಿನ ಬಂದ ಜೋಡಿಯನ್ನು ಆದೇಶ ಬಂದ ಮೇಲೆ ಬನ್ನಿ ಎಂದು ಹಿಂದಕ್ಕೆ ಕಳಿಸಿದೆ. ಅವರು ಹೊರಗಿನ ಮೆಟ್ಟಿಲ ಮೇಲೆ ಸಂಜೆಯವರೆಗೂ ಕೂತಿದ್ದರು. ಫೈಲು ಕಾಯುತ್ತದೆ, ಅದಕ್ಕೆ ಮನೆಯಲ್ಲಿ ಬೈಯುವವರಿಲ್ಲ. ಮಾರನೆಯ ದಿನ ಸಹಿ ಹಾಕಿದೆ. ಮೊದಲನೆಯದಕ್ಕೆ ಹಾಕಿದ ಮೇಲೆ ಎರಡನೆಯದಕ್ಕೆ ಇಲ್ಲ ಎನ್ನುವುದು ಹೇಗೆ?

ಮೂರು ಜ್ಞಾಪನ ಪತ್ರ ಬರೆದೆ. ಅಷ್ಟರಲ್ಲಿ ಆ ಮೇಲಧಿಕಾರಿ ತೀರಿಕೊಂಡರು. ಆಮೇಲೆ ಬರೆಯುವುದನ್ನೇ ನಿಲ್ಲಿಸಿದೆ. ನಾಲ್ಕನೆಯ ಪತ್ರ ಬರೆದರೆ, ಆದೇಶವಿಲ್ಲದೆ ಇಷ್ಟು ದಿನ ಸಹಿ ಹಾಕಿದ್ದು ನನ್ನ ಕೈಯಿಂದಲೇ ದಾಖಲೆಗೆ ಬರುತ್ತದೆ ಎಂಬ ಭಯ. ತಪ್ಪು ಮಾಡಿದ್ದಕ್ಕಿಂತ ತಪ್ಪು ಫೈಲಿಗೆ ಬರುವುದೇ ಗುಮಾಸ್ತನಿಗೆ ದೊಡ್ಡ ಅಪರಾಧ. ಹದಿನಾಲ್ಕು ತಿಂಗಳ ನಂತರ ಹೊಸ ಅಧಿಕಾರಿ ಬಂದರು. ಅಷ್ಟರಲ್ಲಿ ಇನ್ನೂರ ಹದಿನಾಲ್ಕು ಮದುವೆಗಳಾಗಿದ್ದವು.

ಪ್ರತಿ ಜೋಡಿಗೂ ಪ್ರಮಾಣಪತ್ರ ಕೊಡುವಾಗ, “ಇನ್ನು ಯಾರೂ ಏನೂ ಮಾಡೋಕಾಗಲ್ಲ, ನಿಶ್ಚಿಂತೆಯಿಂದ ಹೋಗಿ” ಎನ್ನುತ್ತಿದ್ದೆ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಒಂದೇ ಸುಳ್ಳು ಹೇಳಿ ಇನ್ನೂರ ಹದಿನಾಲ್ಕು ಮಾಡಿದೆ.

ಈಗ ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಸಹಿ ಹಾಕಿದವರ ನೇಮಕದ ಆದೇಶ ಸಂಖ್ಯೆಗೆ ಅದರಲ್ಲಿ ಒಂದು ಕಾಲಂ ಇದೆ. ನನ್ನ ಹದಿನಾಲ್ಕು ತಿಂಗಳಿಗೆ ಅದು ಖಾಲಿ. ಡಿಸೆಂಬರ್ 31ರೊಳಗೆ ತುಂಬದಿದ್ದರೆ ಅವಷ್ಟೂ ‘ಊರ್ಜಿತವಲ್ಲ’ ಎಂಬ ಪಟ್ಟಿಗೆ ಹೋಗುತ್ತವೆ, ಪ್ರತಿ ಮನೆಗೂ ನೋಟೀಸು ಹೋಗುತ್ತದೆ. ಇನ್ನೂರ ಹದಿನಾಲ್ಕು ಮನೆಗಳಲ್ಲಿ ಯಾರೋ ಬಾಗಿಲು ತೆಗೆದು ಆ ಲಕೋಟೆ ಒಡೆಯುತ್ತಾರೆ.

ಇರುವುದೊಂದೇ ದಾರಿ, ಘಟನೋತ್ತರ ಅನುಮೋದನೆ. ಇಲಾಖೆಗೆ ನಾಲ್ಕು ಸಲ ಹೋಗಿ ಬಂದೆ. ‘ಬಾಧಿತರು ಅರ್ಜಿ ಕೊಟ್ಟಲ್ಲಿ ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಕೊಟ್ಟರು. ಬಾಧಿತರು ಎಂದರೆ ಆ ಜೋಡಿಗಳಲ್ಲಿ ಒಬ್ಬರು. ಸುಖವಾಗಿರುವ ಯಾರ ಮನೆಗೆ ಹೋಗಿ ‘ನಿಮ್ಮ ಮದುವೆ ಸಂದೇಹ, ಒಂದು ಅರ್ಜಿ ಕೊಡಿ’ ಎನ್ನಲಿ? ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೇನೆ.

ಇದು ನಿಮ್ಮ ಉದಾಹರಣೆ. ದಯವಿಟ್ಟು ಅಚ್ಚು ಹಾಕಿಸಬೇಡಿ.

—

30 ಮಾರ್ಚ್

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ‘ಅನುಮೋದಿಸು’ ಪದದ ಕೆಲಸ ಮುಗಿದಿದೆ. ಉದಾಹರಣೆಯನ್ನು ಬಳಸಿಲ್ಲ. ಸಹಕಾರಕ್ಕೆ ವಂದನೆಗಳು.

ಸಹಾಯಕ ಸಂಪಾದಕಿ

—

9 ಏಪ್ರಿಲ್

ಮೇಡಂ ಅವರಿಗೆ,

ಒಂದೂವರೆ ತಿಂಗಳು ಕಾದ ಮೇಲೆ ಬಂದ ನಿಮ್ಮ ನಾಲ್ಕು ಸಾಲನ್ನು ನಾನೂರು ಸಲ ಓದಿದೆ. ಅದು ಕಚೇರಿಯ ಭಾಷೆ. ಆ ಭಾಷೆಯಲ್ಲಿ ಮೂವತ್ತೆರಡು ವರ್ಷ ಜನರನ್ನು ದೂರ ಇಟ್ಟವನಿಗೆ ತನ್ನನ್ನು ದೂರ ಇಟ್ಟಿದ್ದು ತಿಳಿಯದೇ? ನೀವು ಅಸಹ್ಯಪಟ್ಟಿರಿ ಎಂದುಕೊಂಡೆ. ಸರಿಯೇ. ನೀವು ಸರ್ಕಾರದ ಸಂಸ್ಥೆಯವರಾದರೆ ಮೇಲಕ್ಕೆ ತಿಳಿಸುವುದು ನಿಮ್ಮ ಕರ್ತವ್ಯ. ತಿಳಿಸಿ, ನನ್ನ ಅಡ್ಡಿಯಿಲ್ಲ. ಒಂದೇ ಕೋರಿಕೆ: ನನ್ನ ಮೇಲೆ ಕ್ರಮ ಕೈಗೊಳ್ಳಲಿ, ಆ ಮದುವೆಗಳನ್ನು ಮುಟ್ಟದಿರಲಿ ಎಂದು ಬರೆಯಿರಿ. ನಿಮಗೆ ಪದ ಗೊತ್ತು, ಸರಿಯಾಗಿ ಬರೆಯುತ್ತೀರಿ.

ಇದನ್ನು ಹೆಂಡತಿಯೇ ಬರೆಯುತ್ತಿದ್ದಾಳೆ. ಹೇಳಿಬಿಟ್ಟೆ.

(ಹೌದು, ಹೇಳಿದರು. ಇಷ್ಟು ವರ್ಷ ನಿದ್ದೆಗಣ್ಣಲ್ಲಿ ‘ಇನ್ನೂರ ಹದಿನಾಲ್ಕು, ಇನ್ನೂರ ಹದಿನಾಲ್ಕು’ ಅನ್ನುತ್ತಿದ್ದರು. ಯಾವುದೋ ಬಸ್ಸಿನ ನಂಬರು ಇರಬೇಕು ಎಂದುಕೊಂಡಿದ್ದೆ. ನೀವು ಬೈದು ಬರೆಯಿರಿ ತಾಯಿ, ಪರವಾಗಿಲ್ಲ. ಆದರೆ ಬರೆಯಿರಿ. ಟಪಾಲಿನವನು ಬಂದು ಹೋದ ಮೇಲೆ ಇವರು ಊಟಕ್ಕೆ ಏಳುವುದಿಲ್ಲ.)

—

21 ಏಪ್ರಿಲ್

ಹೆಡ್‌ಗುಮಾಸ್ತರೇ,

ಮೊದಲು ಊಟ ಮಾಡಿ. ಆಮೇಲೆ ಓದಿ.

ನನ್ನ ಮದುವೆ ನಿಮ್ಮ ರಿಜಿಸ್ಟರಿನಲ್ಲಿದೆ. ಆ ವರ್ಷದ ಸೆಪ್ಟೆಂಬರ್ ಒಂಬತ್ತು, ಸಂಜೆ ಐದಕ್ಕೆ ಹತ್ತು ನಿಮಿಷ. ನಿಮಗೆ ನೆನಪಿರಲಾರದು. ನಮಗೆ ಒಬ್ಬ ಸಾಕ್ಷಿ ಕಡಿಮೆಯಿದ್ದರು. ಬೇರೆ ಯಾರಾದರೂ ಆಗಿದ್ದರೆ ಗಡಿಯಾರ ತೋರಿಸುತ್ತಿದ್ದರು. ನೀವು ದಾಖಲೆ ಕೋಣೆಗೆ ಹೋಗಿ, ರಿಜಿಸ್ಟರಿಗೆ ರಟ್ಟು ಅಂಟಿಸುತ್ತಿದ್ದ ಬೈಂಡರನ್ನು ಕರೆದುಕೊಂಡು ಬಂದಿರಿ. ಆತನ ಕೈಯ ಅಂಟಿನ ಕಲೆ ನಮ್ಮ ಅರ್ಜಿಯ ನಕಲಿನ ಮೇಲೆ ಇವತ್ತೂ ಇದೆ. ಕೊನೆಗೆ ನೀವು ಆ ಮಾತು ಹೇಳಿದಿರಿ, ಇನ್ನು ಯಾರೂ ಏನೂ ಮಾಡೋಕಾಗಲ್ಲ, ನಿಶ್ಚಿಂತೆಯಿಂದ ಹೋಗಿ ಎಂದು. ನಾನು ಹೋದದ್ದು ನಿಶ್ಚಿಂತೆಯಿಂದಲೇ.

ನಿಮ್ಮ ಫೆಬ್ರವರಿಯ ಕಾಗದ ಓದಿದಾಗ ನೆಲ ಜಾರಿದ ಹಾಗಾಯಿತು. ಸುಳ್ಳು ಹೇಳುವುದಿಲ್ಲ, ನಿಮ್ಮ ಮೇಲೆ ಸಿಟ್ಟು ಬಂತು. ಇಪ್ಪತ್ತು ವರ್ಷ ಬಾಯಿ ಬಿಡದವರು ನನ್ನ ಹತ್ತಿರವೇ ಯಾಕೆ ಬಿಟ್ಟಿರಿ ಎಂದು. ಕಾಗದವನ್ನು ಡ್ರಾಯರಿನಲ್ಲಿಟ್ಟು ಮೂರು ವಾರ ಗಂಡನಿಗೂ ಹೇಳಲಿಲ್ಲ. ನಾನು ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಸಿಕ್ಕಿಬಿದ್ದೆ. ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಪೂರ್ತಿ ಕೇಳಿ, “ಅಂದ್ರೆ ಹತ್ತೊಂಬತ್ತು ವರ್ಷ ಲೈಸೆನ್ಸ್ ಇಲ್ದೆ ಓಡ್ಸಿದೀವಿ. ಒಂದು ಗೀರೂ ಬಿದ್ದಿಲ್ಲ” ಎಂದ. “ಗೀರು ಬಿದ್ದಿಲ್ವಾ?” ಎಂದೆ. “ಬಿದ್ದಿರೋದು ನಿನ್ನ ಕಡೆಯಿಂದ” ಎಂದ. ಅಲ್ಲಿಗೆ ಇಬ್ಬರೂ ನಕ್ಕೆವು, ಆಮೇಲೆ ನಾನು ಅತ್ತೆ.

ಯಾಕೆ ಅತ್ತೆ ಎಂದು ಹೇಳುತ್ತೇನೆ. ನಮ್ಮಪ್ಪ ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಮುದ್ರೆಯಿಲ್ಲದ ತೂಕದ ಕಲ್ಲಿನಲ್ಲಿ ತೂಗಿದ ತರಕಾರಿಯನ್ನು ಮನೆಗೆ ತರುತ್ತಿರಲಿಲ್ಲ. ನಾನು ಮನೆಯಲ್ಲಿ ಹೇಳದೆ ಮದುವೆಯಾದ ಆ ಸಂಜೆ ಅಣ್ಣಂದಿರಿಬ್ಬರನ್ನು ಕಟ್ಟಿಕೊಂಡು ನಮ್ಮ ಬಾಡಿಗೆ ಕೋಣೆಗೆ ಬಂದರು, ನನ್ನನ್ನು ಎಳೆದುಕೊಂಡು ಹೋಗಲು. ನಾನು ಪ್ರಮಾಣಪತ್ರ ಕೊಟ್ಟೆ. ಬಾಗಿಲಲ್ಲೇ ನಿಂತು ಎರಡು ಸಲ ಓದಿದರು. ಮುದ್ರೆಯ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಅಣ್ಣಂದಿರಿಗೆ, “ನಡೀರಿ. ಮುದ್ರೆ ಬಿದ್ದಿದೆ” ಎಂದರು. ಎರಡು ವರ್ಷ ಮಾತಾಡಲಿಲ್ಲ. ಮಾತಾಡಲು ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಕೊನೆಗಾಲ ನಮ್ಮ ಮನೆಯಲ್ಲೇ ಕಳೆದು, ನಾಲ್ಕು ವರ್ಷದ ಹಿಂದೆ ಅಳಿಯನ ಕೈ ಹಿಡಿದುಕೊಂಡೇ ಹೋದರು.

ಅಪ್ಪನಿಗೆ ಹುಸಿ ಮುದ್ರೆ ತೋರಿಸಿದೆನಲ್ಲ ಎಂದು ಸಂಕಟವಾಯಿತು. ಅದಕ್ಕೇ ನಿಮಗೆ ಆ ಒಣ ಕಾಗದ ಬರೆದದ್ದು. ಆಮೇಲೆ ಇನ್ನೊಂದು ಹೊಳೆಯಿತು. ಆ ಸಂಜೆ ನೀವು ಕಾನೂನು ಪ್ರಕಾರ ‘ಆದೇಶ ಬಂದ ಮೇಲೆ ಬನ್ನಿ’ ಎಂದಿದ್ದರೆ? ಕೋಣೆಯಲ್ಲಿ ಅಪ್ಪನ ಕೈಗೆ ಕೊಡಲು ನನ್ನ ಹತ್ತಿರ ಏನಿರುತ್ತಿತ್ತು? ಈ ಮನೆ, ಈ ಗಂಡ, ಅಪ್ಪನ ಕೊನೆಯ ವರ್ಷಗಳು, ಯಾವುದೂ ಇರುತ್ತಿರಲಿಲ್ಲ.

ಇನ್ನೊಂದು ಮಾತು ಮುಚ್ಚಿಟ್ಟಿದ್ದೆ. ನಿಘಂಟಿನ ಪ್ರಶ್ನೆ ನಿಜ, ಆದರೆ ಅದು ನೆಪ. ಅದನ್ನು ಯಾವ ಗುಮಾಸ್ತರನ್ನು ಬೇಕಾದರೂ ಕೇಳಬಹುದಿತ್ತು. ನಿಮಗೆ ಥ್ಯಾಂಕ್ಸ್ ಹೇಳಬೇಕೆಂದು ಹತ್ತೊಂಬತ್ತು ವರ್ಷದಿಂದ ಇತ್ತು, ಹೇಗೆ ಶುರು ಮಾಡುವುದೆಂದು ಗೊತ್ತಿರಲಿಲ್ಲ. ಈಗ ಹೇಳುತ್ತೇನೆ. ನೀವು ನಮಗೆ ಬದುಕು ಕೊಟ್ಟಿರಿ. ನಿಮ್ಮ ಉಪಕಾರ ಸಾಯುವವರೆಗೂ ಮರೆಯುವುದಿಲ್ಲ.

ಅರ್ಜಿ ನಾವು ಕೊಡುತ್ತೇವೆ. ಯಾರಿಗೆ, ಹೇಗೆ ಬರೆಯಬೇಕು ಎಂದು ಮಾತ್ರ ತಿಳಿಸಿ.

—

3 ಮೇ

ತಂಗೀ,

ಮೇಡಂ ಎನ್ನಲು ಇನ್ನು ಬಾಯಿ ಬರುವುದಿಲ್ಲ.

ನಿಮ್ಮ ಕಾಗದವನ್ನು ಹೆಂಡತಿ ಓದಿ ಹೇಳಿದಳು. ತಂದೆಯವರು ಮುದ್ರೆ ಸವರಿ ನೋಡಿದ ಕಡೆ ಅವಳು ಕಾಗದವನ್ನು ನನ್ನ ಕೈಗಿಟ್ಟು ಎದ್ದು ಹೋದಳು, ಮುಂದಿನದನ್ನು ನಾನೇ ಓದಿಕೊಂಡೆ. ಇಷ್ಟು ವರ್ಷ ಇನ್ನೂರ ಹದಿನಾಲ್ಕು ಎಂದರೆ ನನ್ನ ಕಣ್ಣಿಗೆ ಖಾಲಿ ಕಾಲಂ ಮಾತ್ರ ಕಾಣುತ್ತಿತ್ತು. ಅದರ ಹಿಂದೆ ಮನೆಗಳಿವೆ, ತಮಾಷೆ ಮಾಡುವ ಗಂಡಂದಿರಿದ್ದಾರೆ ಎಂದು ಹೊಳೆದಿರಲಿಲ್ಲ. ನೀವು ನನಗೆ ಕೃತಜ್ಞರಂತೆ. ಕ್ಷಮೆ ಕೇಳಬೇಕಾದವನಿಗೆ ಇದು ಹೆಚ್ಚಾಯಿತು. ಆದರೂ ತೆಗೆದುಕೊಂಡೆ, ಹಿಂದಕ್ಕೆ ಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಅರ್ಜಿಯ ಕರಡು ಲಗತ್ತಿಸಿದೆ. ಮೂರು ಪ್ರತಿ ಮಾಡಿ. ನಿಮ್ಮ ಪ್ರಕರಣವನ್ನಷ್ಟೇ ಅಲ್ಲ, ‘ಸದರಿ ಅವಧಿಯ ಎಲ್ಲ 214 ನಮೂದುಗಳನ್ನು’ ಎಂದು ತಪ್ಪದೆ ಬರೆಯಿರಿ. ನಿಮ್ಮೊಬ್ಬರದು ಸರಿಯಾಗಿ ಉಳಿದದ್ದು ಬಿದ್ದರೆ ನನಗೆ ಬೇಡ. ನೋಂದಾಯಿತ ಟಪಾಲಿನಲ್ಲೇ ಕಳಿಸಿ, ಸ್ವೀಕೃತಿ ಚೀಟಿ ಕಳೆಯಬೇಡಿ.

—

28 ಜೂನ್

ಹೆಡ್‌ಗುಮಾಸ್ತರೇ,

ಅರ್ಜಿ ವಾಪಸು ಬಂತು! ತಪ್ಪು ನನ್ನದೇ. ನಿಮ್ಮ ಕರಡಿನಲ್ಲಿ ‘ಬಾಧಿತರಾದ ನಾವು’ ಎಂದಿತ್ತು. ಬಾಧೆ ಪಟ್ಟವರು ಎಂದು ಸಹಿ ಹಾಕಲು ನನಗೆ ಮನಸ್ಸು ಬರಲಿಲ್ಲ. ಅದನ್ನು ಹೊಡೆದು ‘ಉಪಕೃತರಾದ ನಾವು’ ಎಂದು ಬರೆದೆ. ಪದದ ಕೆಲಸ ಮಾಡುವವಳ ಕೊಬ್ಬು. ಐದು ವಾರ ಇಟ್ಟುಕೊಂಡು, ‘ಉಪಕೃತರು ಅರ್ಜಿ ಸಲ್ಲಿಸಲು ನಿಯಮಗಳಲ್ಲಿ ಅವಕಾಶವಿಲ್ಲ’ ಎಂದು ಬರೆದು ಕಳಿಸಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗಾಯಿತು. ಗಂಡ ಓದಿ, “ಸಿಗ್ನಲ್ ಕೆಂಪಿದ್ದಾಗ ಕವಿತೆ ಓದೋಕೆ ಹೋದ್ಯಲ್ಲ” ಎಂದು ಇಡೀ ದಿನ ಆಡಿಕೊಂಡ.

ನಿಮ್ಮ ಐದು ವಾರ ಹಾಳು ಮಾಡಿದೆ. ಬಹಳ ಬೇಜಾರಾಗಿದೆ. ಏನು ಮಾಡಲಿ?

—

5 ಜುಲೈ

ತಂಗೀ,

ಹಠ ಬೇಡ. ಬಾಧಿತರು ಎಂದೇ ಬರೆಯಿರಿ. ಕಚೇರಿಗೆ ಅಳುವವರ ಭಾಷೆ ಮಾತ್ರ ತಿಳಿಯುತ್ತದೆ, ಅದಕ್ಕೆ ಬೇರೆ ನಮೂನೆಯ ಫಾರಮ್ಮೇ ಇಲ್ಲ. ನಾನಿದ್ದಿದ್ದರೂ ಆ ಅರ್ಜಿಯನ್ನು ವಾಪಸು ಕಳಿಸುತ್ತಿದ್ದೆ.

ಆದರೆ ಆ ಹಳೆಯ ಪ್ರತಿಯನ್ನು ಹರಿಯಬೇಡಿ, ನನಗೆ ಕಳಿಸಿ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅಂಥದ್ದೊಂದು ಅರ್ಜಿ ನನ್ನ ಮೇಜಿಗೆ ಬಂದಿರಲಿಲ್ಲ.

(ಬಂದ ಮೇಲೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರಂತೆ. ಮೊಳೆ ಹೊಡೆಯುವವಳು ನಾನು!)

—

24 ನವೆಂಬರ್

ಹೆಡ್‌ಗುಮಾಸ್ತರೇ, ಅಮ್ಮಾ,

ಇವತ್ತು ಬೆಳಗ್ಗೆ ಬಂತು. ನಿಮಗೂ ಬಂದಿರಬಹುದು, ಬರದಿದ್ದರೆ ಎಂದು ಪ್ರತಿ ಇಟ್ಟಿದ್ದೇನೆ. ನಾನು ಕಚೇರಿಗೆ ರಜೆ ಹಾಕಿ, ಮೇಜಿನ ಮುಂದೆ ಕೂತು ಗಟ್ಟಿಯಾಗಿ ಓದಿದೆ. ಗಂಡ ನಿಂತುಕೊಂಡು ಕೇಳಿದ.

‘ಸದರಿ ಅವಧಿಯಲ್ಲಿ ಹೆಡ್‌ಗುಮಾಸ್ತರು ಪ್ರಭಾರ ನೋಂದಣಾಧಿಕಾರಿಯಾಗಿ ನೇಮಕಗೊಂಡಿದ್ದರೆಂದೇ ಭಾವಿಸತಕ್ಕದ್ದು. ಅವರು ನೋಂದಾಯಿಸಿದ ಎಲ್ಲ 214 ವಿವಾಹಗಳಿಗೆ ಘಟನೋತ್ತರ ಅನುಮೋದನೆ ನೀಡಲಾಗಿದೆ.’

ನೇಮಕಗೊಂಡಿದ್ದರೆಂದೇ! ಆ ‘ಏ’ ಬರೆದವರ ಕೈಗೆ ಚಿನ್ನದ ಬಳೆ ತೊಡಿಸಬೇಕು. ಆದರೆ ಒಂದು ಷರತ್ತಿದೆ. ಪ್ರತಿ ನಮೂದಿನ ಎದುರಿಗೂ ನೀವು ಈಗ ಇನ್ನೊಮ್ಮೆ ಸಹಿ ಹಾಕಿ, ಇವತ್ತಿನ ತಾರೀಖು ಬರೆಯಬೇಕಂತೆ. ಅದೇ ಡಿಸೆಂಬರ್ 31ರೊಳಗೆ. ಅಮ್ಮನವರ ಅಕ್ಷರ ನೋಡಿ ನೋಡಿ ನಿಮ್ಮ ಕೈಯ ವಿಷಯ ಮರೆತೇಬಿಟ್ಟಿದ್ದೆ. ಇನ್ನೂರ ಹದಿನಾಲ್ಕು ಸಹಿ ಆಗುತ್ತದೆಯೇ? ರಿಯಾಯಿತಿ ಕೇಳಿ ಇನ್ನೊಂದು ಅರ್ಜಿ ಹಾಕಲೇ? ಈ ಸಲ ಯಾವ ಪದ ಹೇಳುತ್ತೀರೋ ಅದನ್ನೇ ಬರೆಯುತ್ತೇನೆ.

—

20 ಡಿಸೆಂಬರ್

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ಆಶೀರ್ವಾದಗಳು.

ರಿಯಾಯಿತಿ ಬೇಡ. ಕೊಡುತ್ತೇನೆಂದರೂ ತೆಗೆದುಕೊಳ್ಳುತ್ತಿರಲಿಲ್ಲ.

ಹದಿನೆಂಟು ದಿನ ಇಬ್ಬರೂ ಬುತ್ತಿ ಕಟ್ಟಿಕೊಂಡು ಕಚೇರಿಗೆ ಹೋದೆವು. ನನಗೆ ದಾಖಲೆ ಕೋಣೆಯಲ್ಲಿ ಕಿಟಕಿ ಪಕ್ಕ ಮೇಜು ಹಾಕಿಸಿಕೊಟ್ಟಿದ್ದರು. ಈಗಿನ ನೋಂದಣಾಧಿಕಾರಿ ನಮ್ಮ ಮಗಳ ವಯಸ್ಸಿನವಳು. ಎದ್ದು ನಿಂತು, “ಬನ್ನಿ ಸಾರ್, ಈ ಅವಧಿಗೆ ನೀವೇ ಅಧಿಕಾರಿ” ಎಂದಳು. ಆ ಮಾತಿಗೆ ನನ್ನ ಹೆಂಡತಿ ಸೆರಗಿನಿಂದ ಕುರ್ಚಿ ಒರೆಸಿ ನನ್ನನ್ನು ಕೂರಿಸಿದಳು. ಬೆಳಗ್ಗೆ ಆರು ಸಹಿ, ಊಟವಾದ ಮೇಲೆ ಆರು. ಅವಳು ಎಡಗೈಯಿಂದ ರಿಜಿಸ್ಟರು ಅದುಮಿ ಹಿಡಿದು, ಬಲಗೈಯಿಂದ ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. ಸಹಿ ಸೊಟ್ಟಗಿದೆ, ಆದರೆ ನನ್ನದೇ.

ಅರವತ್ತೆರಡನೆಯವರು ಬೇರೆಯಾಗಿದ್ದಾರಂತೆ. “ಇದಕ್ಕೂ ಹಾಕ್ಬೇಕಾ ಸಾರ್?” ಎಂದು ಆ ಹುಡುಗಿ ಕೇಳಿದಳು. “ಮುರಿಯೋದೂ ಸರಿಯಾಗಿ ಮುರಿದಿರ್ಬೇಕಲ್ಲಮ್ಮ” ಎಂದು ಹಾಕಿದೆ. ನೂರಾ ಎಂಟನೆಯವರಲ್ಲಿ ಗಂಡ ತೀರಿಹೋಗಿದ್ದಾನೆ. ಆಕೆ ಇಷ್ಟು ವರ್ಷ ಆತನ ಹೆಂಡತಿಯಾಗಿಯೇ ಬಾಳಿದ್ದಾಳೆ, ಈಗ ಅದಕ್ಕೆ ಯಾರೂ ಒಂದು ಮಾತೂ ಎತ್ತುವ ಹಾಗಿಲ್ಲ. ಅಲ್ಲಿ ಸಹಿ ಹಾಕುವಾಗ ನನಗೆ ನೀವಿಬ್ಬರು ನೆನಪಾದಿರಿ. ನೀವು ಅರ್ಜಿ ಕೊಡದಿದ್ದರೆ ಆಕೆಯ ಮನೆ ಬಾಗಿಲಿಗೂ ಆ ಲಕೋಟೆ ಹೋಗುತ್ತಿತ್ತು. ನನ್ನ ಜನ್ಮ ಸಾರ್ಥಕ ಮಾಡಿದಿರಿ ತಾಯಿ. ಇದಕ್ಕಿಂತ ದೊಡ್ಡ ಪದ ನನಗೆ ಗೊತ್ತಿಲ್ಲ, ನಿಮ್ಮ ನಿಘಂಟಿನಲ್ಲಿದ್ದರೆ ಹುಡುಕಿಕೊಳ್ಳಿ.

ಇನ್ನೂರ ಹದಿಮೂರು ಮುಗಿದಿದೆ. ಎಂಬತ್ತಮೂರನೆಯ ಸಾಲನ್ನು ಬಿಟ್ಟಿದ್ದೇನೆ. ಅದು ನಿಮ್ಮದು.

ನೀವು ನನ್ನ ಬಗ್ಗೆ ಅಷ್ಟೆಲ್ಲ ಬರೆದಿರಿ, ಸಂಜೆ ಐದಕ್ಕೆ ಹತ್ತು ನಿಮಿಷ, ಬೈಂಡರು, ಅಂಟಿನ ಕಲೆ. ನನಗೆ ಬೈಂಡರು ನೆನಪಿದ್ದಾನೆ. ನೀವು ನೆನಪಿಲ್ಲ. ವಯಸ್ಸಿನ ಮರೆವು ಎಂದು ಹೇಳಿ ಪಾರಾಗಬಹುದು, ಆದರೆ ಅದಲ್ಲ. ಆ ಹದಿನಾಲ್ಕು ತಿಂಗಳು ನಾನು ಯಾರ ಮುಖವನ್ನೂ ನೋಡಲಿಲ್ಲ. ನಿಶ್ಚಿಂತೆಯಿಂದ ಹೋಗಿ ಎನ್ನುವಾಗಲೂ ಕಣ್ಣು ರಿಜಿಸ್ಟರಿನ ಮೇಲೇ ಇರುತ್ತಿತ್ತು. ನೋಡುವ ಧೈರ್ಯವಿರಲಿಲ್ಲ. ಇನ್ನೂರ ಹದಿನಾಲ್ಕು ಮದುವೆ ಮಾಡಿದವನು ಒಬ್ಬ ಮದುಮಗಳ ಮುಖವನ್ನೂ ಕಂಡಿಲ್ಲ.

ಬರುವ ಬುಧವಾರ ಹನ್ನೊಂದು ಗಂಟೆಗೆ ಇಬ್ಬರೂ ಬನ್ನಿ. ಮೊದಲು ನಿಮ್ಮನ್ನು ನೋಡುತ್ತೇನೆ. ಆಮೇಲೆ ಸಹಿ ಹಾಕುತ್ತೇನೆ.